ಒಂದೇ ದಾರಿ, ದಿನಕ್ಕೊಂದು ಲೆಕ್ಕ: ಫಿಟ್‌ನೆಸ್ ಬ್ಯಾಂಡಿನ ಜಿಪಿಎಸ್ ಯಾಕೆ ಹೀಗೆ ಮಾಡುತ್ತದೆ?

ನೀವು ಕೇಳಿದ್ದು ಇಷ್ಟು. ದಿನಾ ಬೆಳಿಗ್ಗೆ ಒಂದೇ ದಾರಿಯಲ್ಲಿ ಓಡುತ್ತೀರಿ. ಬ್ಯಾಂಡ್ ಒಂದು ದಿನ 5 ಕಿ.ಮೀ. ತೋರಿಸುತ್ತದೆ, ಮರುದಿನ 4.3. ಮ್ಯಾಪಿನಲ್ಲಿ ಕೆಲವೊಮ್ಮೆ ಗೆರೆ ಮನೆಗಳ ಮೇಲೆ ಹಾದುಹೋಗಿರುತ್ತದೆ, ಕೆಲವೊಮ್ಮೆ ಮ್ಯಾಪೇ ಇರುವುದಿಲ್ಲ. ಅಂಗಡಿಯವರು ಹೊಸದು ತಗೊಳ್ಳಿ ಎನ್ನುತ್ತಿದ್ದಾರೆ. ತಗೊಳ್ಳಬೇಕಾ?

ಈಗಲೇ ಬೇಡ. ಒಂದು ದಿನವಾದರೂ ಸರಿಯಾಗಿ 5 ಬಂದಿದೆ, ಮ್ಯಾಪೂ ಬಂದಿದೆ ಅಂದರೆ ಅಳೆಯುವ ಶಕ್ತಿ ಎಲ್ಲೋ ಇದೆ. ಉಳಿದ ದಿನ ಅದಕ್ಕೆ ಅಡ್ಡಿ ಏನು ಅಂತ ಹುಡುಕಬೇಕು. ಹುಡುಕುವುದಕ್ಕೆ ನಿಮ್ಮ ಹತ್ತಿರ ಒಂದು ಒಳ್ಳೆಯ ಸಾಕ್ಷಿ ಈಗಾಗಲೇ ಇದೆ: ಮ್ಯಾಪಿನ ಮೇಲಿನ ಆ ಗೆರೆ. ಕಿ.ಮೀ. ಸಂಖ್ಯೆಯನ್ನು ಸ್ವಲ್ಪ ಹೊತ್ತು ಮರೆತು ಗೆರೆ ಹೇಗೆ ತಪ್ಪಿದೆ ಅಂತ ನೋಡಿ. ತಪ್ಪು ಯಾವ ಆಕಾರದಲ್ಲಿದೆ ಅನ್ನುವುದರಲ್ಲೇ ಕಾರಣ ಸಿಗುತ್ತದೆ.

ಅದಕ್ಕೂ ಮೊದಲು ಒಂದು ಪ್ರಶ್ನೆ. ನಿಮ್ಮ ಬ್ಯಾಂಡಿನಲ್ಲಿ ಸ್ವಂತ ಜಿಪಿಎಸ್ ಇದೆಯಾ, ಅಥವಾ ಫೋನಿನ ಜಿಪಿಎಸ್ ಬಳಸುತ್ತದಾ? ಡಬ್ಬದ ಮೇಲೆ ಜಿಪಿಎಸ್ ಅಂತ ಬರೆದಿದ್ದರೆ ಸಾಲದು. ಕಡಿಮೆ ಬೆಲೆಯ ಬ್ಯಾಂಡುಗಳಲ್ಲಿ ಎಷ್ಟೋ ಸಲ ಇರುವುದು ‘ಕನೆಕ್ಟೆಡ್ ಜಿಪಿಎಸ್’. ಅಂದರೆ ಅಳೆಯುವುದು ಫೋನು, ತೋರಿಸುವುದು ಬ್ಯಾಂಡು. ನಮ್ಮ ಮನೆಯಲ್ಲಿ ಇದು ಗೊತ್ತಾಗದೆ ಅಪ್ಪ ನೋವು ತಿಂದರು. ಅದಕ್ಕೇ ಇದನ್ನು ಸ್ವಲ್ಪ ವಿವರವಾಗಿ ಬರೆಯುತ್ತೇನೆ.

ಅಪ್ಪನಿಗೆ ಡಾಕ್ಟರು ದಿನಾ 3 ಕಿ.ಮೀ. ನಡೆಯಿರಿ ಎಂದಿದ್ದರು. ಬಸವನಗುಡಿಯ ಕೃಷ್ಣರಾವ್ ಪಾರ್ಕಿನಲ್ಲಿ ನಡೆಯುತ್ತಿದ್ದರು. ನಾನೇ ಒಂದು ಬ್ಯಾಂಡ್ ಕೊಡಿಸಿದ್ದೆ. ಅವರು ಫೋನನ್ನು ಮನೆಯಲ್ಲೇ ಬಿಟ್ಟು ಹೋಗುತ್ತಿದ್ದರು. ಹಾಗಾಗಿ ಬ್ಯಾಂಡಿಗೆ ಜಿಪಿಎಸ್ಸೇ ಇರಲಿಲ್ಲ. ಅದು ಹೆಜ್ಜೆ ಎಣಿಸಿ, ಒಂದು ಹೆಜ್ಜೆಗೆ ಇಷ್ಟು ಉದ್ದ ಅಂತ ಗುಣಿಸಿ ದೂರ ಹೇಳುತ್ತಿತ್ತು. ಹೆಜ್ಜೆ ಗೊತ್ತಾಗುವುದು ಕೈ ಬೀಸಿದಾಗ. ಅಪ್ಪ ನಡೆಯುವುದು ಕೈ ಹಿಂದೆ ಕಟ್ಟಿಕೊಂಡು! ಮೂರರಲ್ಲೊಂದು ಹೆಜ್ಜೆ ಲೆಕ್ಕಕ್ಕೇ ಬರುತ್ತಿರಲಿಲ್ಲ. 3 ಕಿ.ಮೀ. ಮುಗಿದರೂ ಬ್ಯಾಂಡ್ 2 ಅನ್ನುತ್ತಿತ್ತು. ಡಾಕ್ಟರ ಮಾತು ಮೀರದ ಮನುಷ್ಯ, ಇನ್ನೂ ಒಂದೆರಡು ಸುತ್ತು ಹಾಕಿ ಬರುತ್ತಿದ್ದರು. ಮೂರು ವಾರಕ್ಕೆ ಮೊಣಕಾಲು ಊದಿಕೊಂಡಿತು. ಆಗ ನಾನು ಒಂದು ದಿನ ಜೊತೆಗೆ ನಡೆದು ನೋಡಿದೆ, ಗೊತ್ತಾಯಿತು.

ನೀವೂ ಹೀಗೆ ಪರೀಕ್ಷೆ ಮಾಡಿ. ಒಂದು ದಿನ ಫೋನನ್ನು ಮನೆಯಲ್ಲಿಟ್ಟು ಹತ್ತು ನಿಮಿಷ ಬಯಲಿನಲ್ಲಿ ಓಡಿ ಬನ್ನಿ. ಮ್ಯಾಪ್ ಬಂದರೆ ಬ್ಯಾಂಡಿಗೆ ಸ್ವಂತ ಜಿಪಿಎಸ್ ಇದೆ. ಕಿ.ಮೀ. ಬಂದು ಮ್ಯಾಪ್ ಬರದಿದ್ದರೆ ಅದು ಹೆಜ್ಜೆ ಲೆಕ್ಕ.

ಫೋನಿನ ಜಿಪಿಎಸ್ ಆಗಿದ್ದರೆ ಬ್ಯಾಂಡನ್ನು ಬೈಯುವ ಬದಲು ಫೋನಿನ ಸೆಟ್ಟಿಂಗ್ ನೋಡಬೇಕು. ನಿಮ್ಮ 4.3ಕ್ಕೂ ಕಾಣೆಯಾದ ಮ್ಯಾಪಿಗೂ ನನ್ನ ಮೊದಲ ಅನುಮಾನ ಇಲ್ಲೇ. ಆಂಡ್ರಾಯ್ಡ್ ಫೋನುಗಳು ಬ್ಯಾಟರಿ ಉಳಿಸಲು ಹಿಂದೆ ಓಡುತ್ತಿರುವ ಆ್ಯಪ್‌ಗಳನ್ನು ನಿಲ್ಲಿಸಿಬಿಡುತ್ತವೆ. ನೀವು ಫೋನ್ ಜೇಬಿಗಿಟ್ಟು ಓಡಲು ಶುರು ಮಾಡುತ್ತೀರಿ, ಸ್ಕ್ರೀನ್ ಆಫ್ ಆಗುತ್ತದೆ, ಸ್ವಲ್ಪ ಹೊತ್ತಿಗೆ ಬ್ಯಾಂಡಿನ ಆ್ಯಪ್ ಮಲಗುತ್ತದೆ. ಮತ್ತೆ ಎದ್ದಾಗ ನೀವು ಅರ್ಧ ಕಿ.ಮೀ. ಮುಂದೆ ಇರುತ್ತೀರಿ. ಮಧ್ಯದ ತಿರುವುಗಳೆಲ್ಲ ಹೋಗಿ ಎರಡು ಬಿಂದುಗಳ ನಡುವೆ ಒಂದೇ ನೇರ ಗೆರೆ. ಮನೆಗಳ ಮೇಲೆ ಹಾದುಹೋದ ಗೆರೆ ಅಂದಿರಲ್ಲ, ಅದು ಉದ್ದವಾಗಿ, ಸ್ಕೇಲ್ ಇಟ್ಟು ಎಳೆದ ಹಾಗೆ ನೇರವಾಗಿದ್ದರೆ ಇದೇ ಕಾರಣ. ಅಡ್ಡದಾರಿ ಹಿಡಿದರೆ ದೂರ ಕಡಿಮೆಯೇ ಬರುವುದು, ಅಲ್ವಾ?

ಬ್ಯಾಂಡಿನ ಆ್ಯಪ್‌ಗೆ ಬ್ಯಾಟರಿ ನಿರ್ಬಂಧ ತೆಗೆಯಿರಿ. ಲೊಕೇಶನ್ ಅನುಮತಿ ‘ಯಾವಾಗಲೂ’ ಅಂತಿರಲಿ. ನಿಖರ ಸ್ಥಳ ಅನ್ನುವ ಇನ್ನೊಂದು ಗುಂಡಿ ಇರುತ್ತದೆ, ಆಂಡ್ರಾಯ್ಡ್ 12ರಿಂದ, ಐಫೋನಿನಲ್ಲಿ ಐಓಎಸ್ 14ರಿಂದ. ಅದು ಆಫ್ ಆಗಿದ್ದರೆ ಫೋನು ಆ್ಯಪ್‌ಗೆ ನಿಮ್ಮ ಏರಿಯಾ ಮಾತ್ರ ಹೇಳುತ್ತದೆ, ರಸ್ತೆ ಹೇಳುವುದಿಲ್ಲ. ಕೆಲವು ಫೋನುಗಳಲ್ಲಿ ‘ಆಟೋಸ್ಟಾರ್ಟ್’ ಅಂತಲೂ ಇರುತ್ತದೆ, ಅದನ್ನೂ ಆನ್ ಮಾಡಿ. ಫೋನಿಗೆ ದೊಡ್ಡ ಅಪ್‌ಡೇಟ್ ಬಂದ ಮೇಲೆ ಇವನ್ನೆಲ್ಲ ಮತ್ತೊಮ್ಮೆ ನೋಡಿ. ಕೆಲವೊಮ್ಮೆ ಹಳೆಯ ಹಾಗೆ ಉಳಿದಿರುವುದಿಲ್ಲ.

ಇನ್ನು ಬ್ಯಾಂಡಿಗೋ ವಾಚಿಗೋ ಸ್ವಂತ ಜಿಪಿಎಸ್ ಇದ್ದರೆ. ನನ್ನದು ಅಂಥ ವಾಚು. ನನಗೆ ಹೆಚ್ಚು ಕಾಟ ಕೊಟ್ಟಿದ್ದು ಓಟದ ಮೊದಲ ಐದು ನಿಮಿಷ. ಮ್ಯಾಪಿನಲ್ಲಿ ಮೊದಲ ಅರ್ಧ ಕಿ.ಮೀ. ಇರುತ್ತಲೇ ಇರಲಿಲ್ಲ. ಅಥವಾ ಗೆರೆ ಪಕ್ಕದ ಬೀದಿಯಿಂದ ಶುರುವಾಗಿ ನಿಧಾನಕ್ಕೆ ನಾನಿದ್ದ ರಸ್ತೆಗೆ ಬಂದು ಸೇರುತ್ತಿತ್ತು. ಕಾರಣ ಇಷ್ಟೇ: ನಾನು ಕಾಯುತ್ತಿರಲಿಲ್ಲ.

ಯಾಕೆ ಕಾಯಬೇಕು ಅಂತ ತಿಳಿದರೆ ಕಾಯುವುದು ಸುಲಭ. ಜಿಪಿಎಸ್ ಉಪಗ್ರಹಗಳು ಸುಮಾರು 20,200 ಕಿ.ಮೀ. ಮೇಲಿವೆ. ನಿಮ್ಮ ಜಾಗ ಲೆಕ್ಕ ಹಾಕಲು ವಾಚಿಗೆ ಕನಿಷ್ಠ 4 ಉಪಗ್ರಹಗಳ ಸಿಗ್ನಲ್ ಬೇಕು. ಬರೀ ಸಿಗ್ನಲ್ ಸಿಕ್ಕರೆ ಆಗಲಿಲ್ಲ. ಆ ಉಪಗ್ರಹ ಈಗ ಆಕಾಶದಲ್ಲಿ ಸರಿಯಾಗಿ ಎಲ್ಲಿದೆ ಅಂತಲೂ ಗೊತ್ತಿರಬೇಕು. ಅದನ್ನು ಉಪಗ್ರಹವೇ ಹೇಳುತ್ತದೆ, ಆದರೆ ತುಂಬ ನಿಧಾನ: ಸೆಕೆಂಡಿಗೆ 50 ಬಿಟ್. ತನ್ನದೊಂದರ ವಿವರ ಹೇಳಿ ಮುಗಿಸಲು ಅರ್ಧ ನಿಮಿಷ ಬೇಕು. ಎಲ್ಲ ಉಪಗ್ರಹಗಳ ಅಂದಾಜು ಪಟ್ಟಿ ಪೂರ್ತಿ ಬರಲು ಹನ್ನೆರಡೂವರೆ ನಿಮಿಷ. ಮಧ್ಯದಲ್ಲಿ ನೀವು ಮರದ ಕೆಳಗೆ ಹೋದಿರೋ, ಸಿಗ್ನಲ್ ತುಂಡಾಗುತ್ತದೆ, ಆ ವಿವರಕ್ಕೆ ಮತ್ತೆ ಕಾಯಬೇಕು. ನಿಂತು ಕಾಯುವವರಿಗೆ ಬೇಗ ಸಿಗುವುದು, ಓಡುತ್ತಾ ಕಾಯುವವರಿಗೆ ಸಿಗದಿರುವುದು ಇದಕ್ಕೇ.

ಈ ತಡ ತಪ್ಪಿಸಲು ವಾಚಿನ ಕಂಪನಿಗಳು ಒಂದು ದಾರಿ ಮಾಡಿವೆ. ಮುಂದಿನ ಕೆಲವು ದಿನ ಉಪಗ್ರಹಗಳು ಎಲ್ಲೆಲ್ಲಿ ಇರುತ್ತವೆ ಅನ್ನುವ ಫೈಲನ್ನು ಫೋನಿನ ಇಂಟರ್ನೆಟ್ ಮೂಲಕ ವಾಚಿಗೆ ಕಳಿಸುತ್ತವೆ. ಇದಕ್ಕೆ ಎ-ಜಿಪಿಎಸ್ ಅನ್ನುತ್ತಾರೆ. ವಾಚನ್ನು ಫೋನಿಗೆ ಸಿಂಕ್ ಮಾಡಿದಾಗ ಆ ಫೈಲ್ ಹೊಸದಾಗುತ್ತದೆ. ಬ್ಯಾಟರಿ ಉಳಿಯಲಿ ಅಂತ ಬ್ಲೂಟೂತ್ ಆಫ್ ಇಟ್ಟುಕೊಂಡವರಿಗೆ ವಾರಗಟ್ಟಲೆ ಸಿಂಕ್ ಆಗಿರುವುದಿಲ್ಲ. ಫೈಲ್ ಹಳತಾಗಿ ಕೆಲಸಕ್ಕೆ ಬಾರದಂತಾಗುತ್ತದೆ. ನಾನು ಹಾಗೇ ಮಾಡುತ್ತಿದ್ದೆ. ಈಗ ರಾತ್ರಿ ಮಲಗುವ ಮುಂಚೆ ಒಮ್ಮೆ ಆ್ಯಪ್ ತೆರೆದು ಸಿಂಕ್ ಮಾಡುತ್ತೇನೆ. ಬೆಳಿಗ್ಗೆ ಲಾಕ್ ಆಗಲು, ಅಂದರೆ ಉಪಗ್ರಹಗಳು ಸಿಕ್ಕಿ ವಾಚಿಗೆ ನನ್ನ ಜಾಗ ಗೊತ್ತಾಗಲು, ಕೆಲವೇ ಸೆಕೆಂಡು ಸಾಕು. ಊರು ಬಿಟ್ಟು ದೂರ ಹೋದರಂತೂ ಸಿಂಕ್ ಮಾಡದೆ ಓಡಬೇಡಿ. ವಾಚ್ ಇನ್ನೂ ಹಳೆಯ ಊರಿನ ಆಕಾಶವನ್ನೇ ಹುಡುಕುತ್ತಿರುತ್ತದೆ.

ಲಾಲ್‌ಬಾಗ್‌ನಲ್ಲಿ ಓಡುವ ದಿನ ನಾನು ಮೊದಲು ಆ ದೊಡ್ಡ ಬಂಡೆಯ ಮೇಲೆ ಹೋಗಿ ನಿಲ್ಲುತ್ತೇನೆ. ಅಲ್ಲಿ ತಲೆ ಮೇಲೆ ಒಂದು ಎಲೆಯೂ ಇಲ್ಲ, ನಾಲ್ಕೂ ಕಡೆ ಆಕಾಶ. ಲಾಕ್ ಆಯಿತು ಅಂತ ವಾಚ್ ಹೇಳಿದ ಮೇಲೂ ಒಂದು ನಿಮಿಷ ನಿಲ್ಲುತ್ತೇನೆ, ಯಾಕೆಂದರೆ ನಾಲ್ಕು ಉಪಗ್ರಹ ಸಿಕ್ಕ ತಕ್ಷಣ ಅದು ಸಿದ್ಧ ಅನ್ನಬಹುದು. ಇನ್ನೂ ನಾಲ್ಕೈದು ಸೇರಿಕೊಂಡರೆ ಲೆಕ್ಕ ಗಟ್ಟಿಯಾಗುತ್ತದೆ. ಆ ಹೊತ್ತಿನಲ್ಲಿ ಕಾಲು ಸಡಿಲ ಮಾಡಿಕೊಳ್ಳುತ್ತೇನೆ. ನಿಮ್ಮ ಮನೆ ಹತ್ತಿರ ಬಯಲು ಇಲ್ಲದಿದ್ದರೆ ತಾರಸಿ ಮೇಲೆ ಲಾಕ್ ಮಾಡಿಕೊಂಡು ಇಳಿದು ಬನ್ನಿ.

ಗೆರೆ ಉದ್ದಕ್ಕೂ ಗರಗಸದ ಹಲ್ಲಿನ ಹಾಗೆ ಅತ್ತಿತ್ತ ಎಗರುತ್ತಿದ್ದರೆ ಕಾರಣ ಬೇರೆ. ಸಿಗ್ನಲ್ ನೇರವಾಗಿ ಬರದೆ ಗಾಜಿನ ಕಟ್ಟಡಕ್ಕೋ ಗೋಡೆಗೋ ಬಡಿದು ಬರುತ್ತಿದೆ. ವಾಚ್ ದೂರ ಅಳೆಯುವುದು ಸಿಗ್ನಲ್ ಬರಲು ಹಿಡಿದ ಸಮಯದಿಂದ. ಬೆಳಕಿನ ವೇಗದಲ್ಲಿ 30 ಸೆಂ.ಮೀ.ಗೆ ಒಂದು ನ್ಯಾನೊಸೆಕೆಂಡ್, ಅಂದರೆ ಸೆಕೆಂಡಿನ ನೂರು ಕೋಟಿಯಲ್ಲಿ ಒಂದು ಪಾಲು. ಗೋಡೆಗೆ ಬಡಿದು 30 ಮೀಟರ್ ಸುತ್ತಿ ಬಂದರೆ ಆ ಉಪಗ್ರಹ 30 ಮೀಟರ್ ದೂರ ಸರಿದ ಹಾಗೆ ಲೆಕ್ಕ. ನಿಮ್ಮ ಜಾಗ ಪಕ್ಕದ ಬೀದಿಗೆ ಹೋಗಿರುತ್ತದೆ. ಹೀಗಾದಾಗ ದೂರ ಕಡಿಮೆ ಆಗುವುದಕ್ಕಿಂತ ಜಾಸ್ತಿ ಬರುವುದೇ ಹೆಚ್ಚು, ಎಗರಾಟವೆಲ್ಲ ದೂರಕ್ಕೆ ಸೇರುತ್ತದೆ. ಮೆಟ್ರೋ ಸೇತುವೆಯ ಕೆಳಗೆ, ಫ್ಲೈಓವರ್ ಕೆಳಗೆ, ಎತ್ತರದ ಅಪಾರ್ಟ್‌ಮೆಂಟುಗಳ ನಡುವೆ ಇದನ್ನು ಪೂರ್ತಿ ತಪ್ಪಿಸಲು ಆಗುವುದಿಲ್ಲ. ಸೆಟ್ಟಿಂಗಿನಲ್ಲಿ ಜಿಪಿಎಸ್ ಒಂದೇ ಇದ್ದರೆ ಎಲ್ಲ ಸಿಸ್ಟಮ್‌ಗಳನ್ನೂ ಆನ್ ಮಾಡಿ. ಜಿಪಿಎಸ್ ಅಮೆರಿಕದ್ದು. ರಷ್ಯಾದ ಗ್ಲೋನಾಸ್, ಯುರೋಪಿನ ಗೆಲಿಲಿಯೋ, ಚೀನಾದ ಬೈಡೂ ಸೇರಿದರೆ ಕಟ್ಟಡಗಳ ಸಂದಿಯಲ್ಲೂ ಕೆಲವು ಉಪಗ್ರಹ ನೇರವಾಗಿ ಕಾಣುತ್ತವೆ. ಬ್ಯಾಟರಿ ಸ್ವಲ್ಪ ಜಾಸ್ತಿ ಖರ್ಚಾಗುತ್ತದೆ.

ಮುಂದೆ ಯಾವತ್ತಾದರೂ ಹೊಸದು ತಗೊಂಡರೆ ಡ್ಯುಯಲ್ ಬ್ಯಾಂಡ್ ಇದೆಯಾ ನೋಡಿ, ಅಂದರೆ ಉಪಗ್ರಹದ ಸಿಗ್ನಲ್ಲನ್ನು ಎರಡು ಫ್ರೀಕ್ವೆನ್ಸಿಗಳಲ್ಲಿ ಕೇಳುತ್ತದಾ ಅಂತ. ಹಳೆಯ ವಾಚುಗಳು ಕೇಳುವುದು ಎಲ್1 ಅನ್ನುವ ಫ್ರೀಕ್ವೆನ್ಸಿ ಒಂದನ್ನೇ, 1575.42 ಮೆಗಾಹರ್ಟ್ಸ್. ಹೊಸವು ಎಲ್5 ಕೂಡ ಕೇಳುತ್ತವೆ, 1176.45 ಮೆಗಾಹರ್ಟ್ಸ್. ಎಲ್5ರಲ್ಲಿ ನೇರ ಬಂದದ್ದನ್ನೂ ಬಡಿದು ಬಂದದ್ದನ್ನೂ ಬೇರೆ ಮಾಡುವುದು ಸುಲಭ. ಜಿಪಿಎಸ್‌ನ ಹಾಗೇ ಜಾಗ ಹೇಳುವ ನಮ್ಮ ಇಸ್ರೋದ ನಾವಿಕ್ ಕೂಡ ಶುರುವಿನಿಂದ ಎಲ್5ರಲ್ಲೇ ಇದೆ. ಎಲ್1 ಅದಕ್ಕೆ ಸೇರಿದ್ದು 2023ರ ಮೇ ತಿಂಗಳಲ್ಲಿ ಹಾರಿದ ಎನ್‌ವಿಎಸ್-01 ಉಪಗ್ರಹದಿಂದ. ಹಾಗಾಗಿ ಎಲ್1 ಮಾತ್ರ ಇರುವ ಹಳೆಯ ವಾಚಿಗೆ ನಾವಿಕ್ ಸಿಗಲಿಲ್ಲ. ನಾವಿಕ್‌ನ ಸಮಯ, ಕಕ್ಷೆ ನೋಡಿಕೊಳ್ಳುವ ಕೇಂದ್ರ ಬೆಂಗಳೂರಿನ ಹತ್ತಿರದ ಬ್ಯಾಲಾಳಿನಲ್ಲೇ ಇದೆ. ಆ ಕಡೆ ಹೋದಾಗಲೆಲ್ಲ ನನಗೆ ನಿಜವಾಗಿಯೂ ಹೆಮ್ಮೆ ಅನಿಸುತ್ತದೆ.

ತಪ್ಪಿನ ಇನ್ನೊಂದು ಆಕಾರ: ಗೆರೆ ರಸ್ತೆ ಮೇಲೇ ಇದೆ, ಆದರೆ ಪ್ರತಿ ತಿರುವಿನ ಮೂಲೆ ಸ್ವಲ್ಪ ಕತ್ತರಿಸಿದೆ. ಕೆರೆ ಸುತ್ತ ಓಡಿದರೆ ದುಂಡಗೆ ಬರದೆ ಮೂಲೆ ಮೂಲೆಯಾಗಿ ಬಂದಿದೆ. ವಾಚ್ ಬ್ಯಾಟರಿ ಉಳಿಸಲು ಕೆಲವು ಸೆಕೆಂಡಿಗೊಮ್ಮೆ ಮಾತ್ರ ಬಿಂದು ಗುರುತಿಸುತ್ತಿದೆ. ಪ್ರತಿ ಸೆಕೆಂಡ್ ದಾಖಲಿಸುವ ಆಯ್ಕೆ ಇರುತ್ತದೆ, ಹಾಕಿಕೊಳ್ಳಿ. ಒಂದು ಗಂಟೆ ಓಟಕ್ಕೆ ಬ್ಯಾಟರಿ ಉಳಿಸುವ ಅಗತ್ಯ ಇಲ್ಲ.

ಕಟ್ಟುವ ರೀತಿಯೂ ಮುಖ್ಯ. ನನ್ನ ಅಕ್ಕ ವಾಚನ್ನು ಮಣಿಕಟ್ಟಿನ ಒಳಬದಿಗೆ ಕಟ್ಟುವವಳು. ಓಡುವಾಗ ವಾಚಿನ ಮುಖ ಅವಳ ಮೈ ಕಡೆಗೇ ಇರುತ್ತಿತ್ತು. ನಮ್ಮ ಮೈಯಲ್ಲಿ ಹೆಚ್ಚಿನ ಪಾಲು ನೀರು, ಅದು ಈ ಸಿಗ್ನಲ್ಲನ್ನು ಹೀರಿಕೊಳ್ಳುತ್ತದೆ. ಹೊರಗೆ ತಿರುಗಿಸಿ ಕಟ್ಟಿದ ದಿನದಿಂದ ಅವಳ ಗೆರೆ ಸುಧಾರಿಸಿತು. ಫೋನಿನ ಜಿಪಿಎಸ್ ಆದರೆ ಫೋನನ್ನು ಪ್ಯಾಂಟಿನ ಹಿಂದಿನ ಜೇಬಿನ ಬದಲು ತೋಳಿಗೆ ಕಟ್ಟಿ ನೋಡಿ.

ಎಲ್ಲವನ್ನೂ ಒಂದೇ ದಿನ ಬದಲಾಯಿಸಬೇಡಿ. ಯಾವುದರಿಂದ ಸರಿಹೋಯಿತು ಅಂತ ಗೊತ್ತಾಗುವುದಿಲ್ಲ. ಒಂದು ಬದಲಾವಣೆ, ಮೂರು ದಿನ, ಅದೇ ದಾರಿ. ದಾರಿಯ ನಿಜವಾದ ಉದ್ದವನ್ನು ಕಂಪ್ಯೂಟರಿನಲ್ಲಿ ಗೂಗಲ್ ಮ್ಯಾಪ್ಸ್ ತೆರೆದು, ದೂರ ಅಳೆಯುವ ಆಯ್ಕೆಯಿಂದ ಬಿಂದು ಬಿಂದುವಾಗಿ ಅಳೆದಿಟ್ಟುಕೊಳ್ಳಿ. ಸ್ಟೇಡಿಯಂ ಟ್ರ್ಯಾಕಿನಲ್ಲಿ ಪರೀಕ್ಷಿಸುವುದಾದರೆ ಒಳಗಿನ ಮೊದಲ ಲೇನಿನಲ್ಲೇ ಓಡಿ. 400 ಮೀಟರ್ ಅನ್ನುವುದು ಆ ಲೇನಿಗೆ ಮಾತ್ರ. ಎಂಟನೇ ಲೇನಿನಲ್ಲಿ ಒಂದು ಸುತ್ತಿಗೆ ಸುಮಾರು 453 ಮೀಟರ್ ಆಗುತ್ತದೆ.

ಎಷ್ಟು ತಪ್ಪು ಸಹಜ? ತೆರೆದ ಆಕಾಶದ ಕೆಳಗೂ ಫೋನಿನ ಜಿಪಿಎಸ್ ಸಾಮಾನ್ಯವಾಗಿ 5 ಮೀಟರ್ ಒಳಗೆ ನಿಖರ, ಅಷ್ಟೇ. ಹಾಗಾಗಿ 5 ಕಿ.ಮೀ. ಓಟ 4.9 ಅಥವಾ 5.1 ಬಂದರೆ ನಾನು ತಲೆ ಕೆಡಿಸಿಕೊಳ್ಳುವುದಿಲ್ಲ. 4.3 ಅಂದರೆ ನೂರಕ್ಕೆ 14ರಷ್ಟು ಕಡಿಮೆ, ಅದನ್ನು ಸಹಿಸಬೇಕಿಲ್ಲ. ಇನ್ನೊಂದು ವಿಷಯ, ಮುಂದೆ 10ಕೆ ಓಟಕ್ಕೆ ಹೋದಾಗ ವಾಚ್ 10.1, 10.2 ತೋರಿಸಿದರೆ ಅದು ಕೆಟ್ಟಿದೆ ಅನ್ನಬೇಡಿ. ಅಧಿಕೃತ ಓಟದ ದಾರಿಯನ್ನು ತಿರುವುಗಳ ಒಳಅಂಚು ಹಿಡಿದು, ಅತಿ ಹತ್ತಿರದ ಗೆರೆಯಲ್ಲಿ ಅಳೆಯುತ್ತಾರೆ. ಕಡಿಮೆ ಆಗದಿರಲಿ ಅಂತ ಕಿ.ಮೀ.ಗೆ 1 ಮೀಟರ್ ಸೇರಿಸಿಯೂ ಇರುತ್ತಾರೆ. ಜನರ ನಡುವೆ ಜಾಗ ಹುಡುಕಿ ಓಡುವ ನಾವು ನಿಜವಾಗಿಯೂ ಜಾಸ್ತಿಯೇ ಓಡಿರುತ್ತೇವೆ.

ಫ್ಯಾಕ್ಟರಿ ರೀಸೆಟ್ ಕೊನೆಗೆ ಇರಲಿ. ನನ್ನ ವಾಚಿನ ಕಂಪನಿಯ ಕಸ್ಟಮರ್ ಕೇರ್‌ನವರು ಮೊದಲ ಮಾತಿಗೇ ರೀಸೆಟ್ ಮಾಡಿ ಎಂದರು. ಸಿಂಕ್ ಆಗದೆ ಉಳಿದಿದ್ದ ಎರಡು ವಾರದ ಓಟವೆಲ್ಲ ಹೋಯಿತು, ತೊಂದರೆ ಮಾತ್ರ ಹಾಗೇ ಇತ್ತು. ತುಂಬ ಬೇಜಾರಾಗಿತ್ತು. ಮೊದಲು ಸಾಫ್ಟ್‌ವೇರ್ ಅಪ್‌ಡೇಟ್, ಆಮೇಲೆ ಸುಮ್ನೆ ಆಫ್ ಮಾಡಿ ಆನ್ ಮಾಡುವುದು, ಎಲ್ಲ ಸಿಂಕ್ ಆಗಿದೆ ಅಂತ ಖಾತ್ರಿಯಾದ ಮೇಲೆ ರೀಸೆಟ್. ಇಷ್ಟಾದರೂ ತೆರೆದ ಮೈದಾನದಲ್ಲಿ ಮೂರು ದಿನ ಲಾಕ್ ಆಗದಿದ್ದರೆ ಆಂಟೆನಾ ಅಥವಾ ಚಿಪ್ಪಿನದೇ ದೋಷ ಇರಬಹುದು. ಆ ಮೂರು ದಿನದ ಮ್ಯಾಪುಗಳ ಸ್ಕ್ರೀನ್‌ಶಾಟ್ ಇಟ್ಟುಕೊಂಡು ವಾರಂಟಿ ಕೇಳಿ.

ಅಪ್ಪ ಈಗ ಫೋನನ್ನು ಅಂಗಿ ಜೇಬಿನಲ್ಲಿಟ್ಟುಕೊಂಡು ಹೋಗುತ್ತಾರೆ. ಕೈ ಹಿಂದೆಯೇ ಕಟ್ಟಿರುತ್ತಾರೆ, 3 ಕಿ.ಮೀ. ಆದ ಕೂಡಲೇ ಮನೆಗೆ ಬರುತ್ತಾರೆ. ನೀವು ನಾಳೆ ಫೋನ್ ಬಿಟ್ಟು ಹತ್ತು ನಿಮಿಷ ಓಡಿ ನೋಡಿ. ಮ್ಯಾಪ್ ಬಂತಾ ಇಲ್ವಾ, ಬ್ಯಾಂಡ್ ಯಾವ ಮಾಡೆಲ್, ಫೋನ್ ಯಾವುದು ಅಂತ ಇಲ್ಲೇ ಬರೆಯಿರಿ. ಮುಂದಿನ ಹೆಜ್ಜೆ ಏನು ಅಂತ ಅದರ ಮೇಲೆ ಹೇಳುತ್ತೇನೆ.