ವೋಲ್ಗಾ ಅಲ್ಲಲ್ಲಿ ಸರೋವರದಂತೆ ಕಾಣುವುದೇಕೆ?

ಮಾನ್ಯರೇ,

ರಷ್ಯಾದ ನಕಾಶೆಯಲ್ಲಿ ವೋಲ್ಗಾ ನದಿ ಅಲ್ಲಲ್ಲಿ ಸರೋವರದಂತೆ ಉಬ್ಬಿರುವುದೇಕೆ, ಅಷ್ಟು ದೊಡ್ಡ ನದಿ ಮಹಾಸಾಗರ ಸೇರದಿರುವುದೇಕೆ, ಬೀದರಿಗೆ ಬಂದಿದ್ದ ಅಫನಾಸಿ ನಿಕಿತಿನ್ ಈ ನದಿಯಲ್ಲೇ ಹೊರಟವನೇ ಎಂದು ಕೇಳಿದ್ದೀರಿ.

ಮೊದಲೆರಡಕ್ಕೂ ಕಾರಣ ನೆಲದ ಇಳಿಜಾರು. ವೋಲ್ಗಾ ಹುಟ್ಟುವುದು ವಲ್ದಾಯ್ ಗುಡ್ಡಗಳಲ್ಲಿ, ಸಮುದ್ರಮಟ್ಟಕ್ಕಿಂತ ಬರೀ 228 ಮೀಟರ್ ಎತ್ತರದಲ್ಲಿ. ಅದು ಸೇರುವ ಕ್ಯಾಸ್ಪಿಯನ್, ಸುತ್ತಲೂ ನೆಲವಿರುವ ಒಳನಾಡಿನ ಸಮುದ್ರ; ಅದರ ನೀರು ಮಹಾಸಾಗರದ ಮಟ್ಟಕ್ಕಿಂತ ಸುಮಾರು 28 ಮೀಟರ್ ಕೆಳಗಿದೆ. 3,530 ಕಿ.ಮೀ. ಹಾದಿಗೆ ಇಳಿತ ಸುಮಾರು 256 ಮೀಟರ್, ಅಂದರೆ ಕಿಲೋಮೀಟರಿಗೆ ಏಳೇ ಸೆಂಟಿಮೀಟರ್! ಇಂಥ ನದಿಗೆ ವಿದ್ಯುತ್ತಿಗಾಗಿ ಅಣೆಕಟ್ಟು ಹಾಕಿದರೆ ನೀರು ಆಳವಾಗಿ ನಿಲ್ಲದೆ ಬಯಲಿನ ಮೇಲೆ ಹರಡುತ್ತದೆ. ನೀವು ಕಂಡದ್ದು ಈ ಹಿನ್ನೀರನ್ನೇ. ತ್ವೇರ್ ಊರಿನಿಂದ ಕೆಳಗೆ ವೋಲ್ಗೊಗ್ರಾಡ್‌ವರೆಗೆ ಇಂಥ ಎಂಟು ದೊಡ್ಡ ಜಲಾಶಯಗಳಿವೆ. 1941ರಲ್ಲಿ ತುಂಬತೊಡಗಿದ ರೀಬಿನ್‌ಸ್ಕ್ ಜಲಾಶಯ ಸುಮಾರು 4,500 ಚದರ ಕಿ.ಮೀ. ಹಬ್ಬಿದ್ದರೂ ಸರಾಸರಿ ಆಳ ಆರು ಮೀಟರ್ ಕೂಡ ಇಲ್ಲ. ಅಷ್ಟು ತೆಳುವಾದ ನೀರಿಗಾಗಿ ಮೊಲೊಗಾ ಎಂಬ ಹಳೆಯ ಪಟ್ಟಣವೂ ನೂರಾರು ಹಳ್ಳಿಗಳೂ ಮುಳುಗಿದವು. ಇದು ದುಬಾರಿ ವಿದ್ಯುತ್ತು ಎಂದೇ ನಮ್ಮ ಅಭಿಪ್ರಾಯ.

ಲಾಭವಿಲ್ಲವೆಂದಲ್ಲ. ಹಿಂದೆ ಬೇಸಿಗೆಯಲ್ಲಿ ದೋಣಿಗಳು ಮರಳುದಿಣ್ಣೆಗಳಿಗೆ ಸಿಕ್ಕಿಕೊಳ್ಳುತ್ತಿದ್ದ ಹಾದಿಯಲ್ಲಿ ಈಗ ದೊಡ್ಡ ಹಡಗುಗಳು ಓಡಾಡುತ್ತವೆ. 1952ರಲ್ಲಿ ತೆರೆದ, 101 ಕಿ.ಮೀ. ಉದ್ದದ ವೋಲ್ಗಾ–ದೋನ್ ಕಾಲುವೆಯ 13 ಲಾಕ್‌ಗಳನ್ನು (ನೀರು ತುಂಬಿ, ಬಿಟ್ಟು ಹಡಗನ್ನು ಏರಿಸಿ ಇಳಿಸುವ ಕಟ್ಟೆಗಳನ್ನು) ದಾಟಿ ಅವು ಕಪ್ಪು ಸಮುದ್ರದವರೆಗೂ ಹೋಗಬಲ್ಲವು.

ಪೆಟ್ಟು ಬಿದ್ದದ್ದು ಮೀನಿಗೆ. ಬೆಲೂಗಾ ಮೊಟ್ಟೆಯಿಡಲು ಕ್ಯಾಸ್ಪಿಯನ್ನಿನಿಂದ ನದಿಯೊಳಗೆ ಬಹುದೂರ ಮೇಲೇರುವ ಮೀನು. ವೋಲ್ಗೊಗ್ರಾಡ್ ಅಣೆಕಟ್ಟು ಅದರ ದಾರಿ ಮುಚ್ಚಿತು. ಅಣೆಕಟ್ಟಿನ ಕೆಳಗೆ, ನೆರೆಯಲ್ಲಿ ಮುಳುಗುವ ಹುಲ್ಲುಗಾವಲುಗಳಲ್ಲಿ ಮೊಟ್ಟೆಯಿಡುವ ಮೀನುಗಳದು ಬೇರೆ ಕಷ್ಟ. ಹಿಮ ಕರಗುವ ವಸಂತದಲ್ಲಿ ಅವುಗಳಿಗಾಗಿ ಅಣೆಕಟ್ಟಿನಿಂದ ಹೆಚ್ಚು ನೀರು ಬಿಡುತ್ತಾರೆ. ಬಿಡುವುದನ್ನು ಬೇಗ ನಿಲ್ಲಿಸಿದರೆ ಮರಿಯಾಗುವ ಮೊದಲೇ ನೀರು ಇಳಿದು ಮೊಟ್ಟೆಗಳು ಒಣಗುತ್ತವೆ.

ನಿಕಿತಿನ್ ತ್ವೇರ್‌ನ ವ್ಯಾಪಾರಿ. 15ನೆಯ ಶತಮಾನದಲ್ಲಿ ಅವನು ಹೊರಟದ್ದು ಇದೇ ನದಿಯಲ್ಲಿ. ಅಸ್ತ್ರಾಖಾನ್ ಬಳಿ ಸರಕೆಲ್ಲ ಲೂಟಿಯಾದರೂ ಕ್ಯಾಸ್ಪಿಯನ್ ದಾಟಿ, ಪರ್ಷಿಯಾ, ಹೊರ್ಮುಜ್, ಚೌಲ್ ಮಾರ್ಗವಾಗಿ ಬಹಮನಿಗಳ ಬೀದರ್ ತಲುಪಿದ.

ಕ್ಯಾಸ್ಪಿಯನ್ನಿಗೆ ಹೊರದಾರಿಯಿಲ್ಲ, ಬಂದ ನೀರು ಆವಿಯಾಗಿಯೇ ಹೋಗಬೇಕು. ನದಿಗಳಿಂದ ಬರುವ ನೀರಿನಲ್ಲಿ ಸುಮಾರು ಶೇ. 80 ವೋಲ್ಗಾದ್ದೇ ಆದ್ದರಿಂದ, ಅದರ ಹರಿವು ತಗ್ಗಿದರೆ ಸಮುದ್ರದ ಮಟ್ಟವೂ ತಗ್ಗುತ್ತದೆ. ಉತ್ತರ ಭಾಗದ ಸರಾಸರಿ ಆಳ ಐದಾರು ಮೀಟರ್ ಅಷ್ಟೇ; ಮಟ್ಟ ಒಂದು ಮೀಟರ್ ಇಳಿದರೂ ದಡ ಎಷ್ಟೋ ಕಿಲೋಮೀಟರ್ ಹಿಂದೆ ಸರಿಯುತ್ತದೆ. ನಿಮ್ಮ ನಕಾಶೆ ಯಾವ ವರ್ಷದ್ದೆಂದು ನೋಡಿಕೊಳ್ಳಿ: 1977ರ ಹೊತ್ತಿಗೆ ಬಹಳ ಕುಸಿದಿದ್ದ ಮಟ್ಟ 1995ರವರೆಗೆ ಏರಿ, ಆಮೇಲೆ ಮತ್ತೆ ಇಳಿಯುತ್ತಿದೆ.

– ಸಂಪಾದಕರು