ಮೊದಲ ವರ್ಷದ ಸಂಜೆಗಳಿಗೆ ಯಾವ ಪುಸ್ತಕ?

ಹೊರದೇಶಕ್ಕೆ ಬಂದು ಎರಡು ತಿಂಗಳಾಯಿತು, ಕೆಲಸ ಮುಗಿಸಿ ಕೋಣೆಗೆ ಬಂದರೆ ಮನಸ್ಸು ಕುಸಿಯುತ್ತದೆ, ಧೈರ್ಯ ತುಂಬುವ ಪುಸ್ತಕ ಇದ್ದರೆ ಹೇಳಿ ಎಂದು ಕೇಳಿದ್ದೀರಿ. ನಾನು ಬಂದು ಹತ್ತೊಂಬತ್ತು ವರ್ಷವಾಯಿತು. ಆ ಮೊದಲ ಸಂಜೆಗಳು ಇನ್ನೂ ನೆನಪಿವೆ.

ಆಗ ನಾನು ಗೆಲ್ಲುವುದು ಹೇಗೆ ಎಂದು ಹೇಳಿಕೊಡುವ ಪುಸ್ತಕಗಳನ್ನೇ ಒಂದರ ಹಿಂದೊಂದು ಓದಿದೆ. ರಾತ್ರಿ ಓದುವಾಗ ಹುರುಪು ಬರುತ್ತಿತ್ತು. ಬೆಳಗ್ಗೆ ಎದ್ದರೆ ಅದೇ ಒಂಟಿತನ. ಜೊತೆಗೆ, ನನ್ನ ಕೈಲಿ ಆಗ್ತಿಲ್ಲವಲ್ಲ ಎಂಬ ಹೊಸ ಕೊರಗು. ಕೊನೆಗೆ ನನ್ನ ಕೈ ಹಿಡಿದವರು, ತಾವು ತಡವರಿಸಿದ್ದನ್ನು ಮುಚ್ಚಿಡದೆ ಬರೆದವರು.

ಗಾಂಧೀಜಿಯ ಆತ್ಮಕಥೆಯನ್ನು ಚಿಕ್ಕಂದಿನಲ್ಲಿ ಪಾಠದಂತೆ ಓದಿರುತ್ತೀರಿ, ಅಲ್ವಾ? ಈಗ ಅದರಲ್ಲಿ ಇಂಗ್ಲೆಂಡಿನ ಅಧ್ಯಾಯಗಳನ್ನಷ್ಟೇ ಮತ್ತೆ ಓದಿ. 1888ರಲ್ಲಿ ಲಂಡನ್‌ಗೆ ಹೊರಟಾಗ ಅವರಿಗಿನ್ನೂ ಹದಿನೆಂಟು. ತಾಯಿಯನ್ನು ನೆನೆದು ರಾತ್ರಿ ಅಳುತ್ತಿದ್ದೆ, ಅದನ್ನು ಯಾರ ಹತ್ತಿರವೂ ಹೇಳಿಕೊಳ್ಳುವಂತಿರಲಿಲ್ಲ ಎಂದು ಅವರೇ ಬರೆದಿದ್ದಾರೆ. ಆಮೇಲೆ ಅಲ್ಲಿಯವರಂತೆ ಆಗಬೇಕು ಅನ್ನಿಸುತ್ತದೆ. ಹೊಸ ಬಟ್ಟೆ ಹೊಲಿಸುತ್ತಾರೆ. ನೃತ್ಯ ಕಲಿಯಲು ಹೋಗುತ್ತಾರೆ, ತಾಳ ಹಿಡಿಯಲು ಬರುವುದಿಲ್ಲ. ಪಿಟೀಲು ಕೊಳ್ಳುತ್ತಾರೆ. ಸುಮಾರು ಮೂರು ತಿಂಗಳಿಗೆ ಆ ಮೋಹ ಇಳಿಯುತ್ತದೆ. ಪಿಟೀಲು ಮಾರಿ, ಖರ್ಚು ಇಳಿಸಿ, ನಡೆದೇ ಓಡಾಡುವಂಥ ಕಡೆ ಕೋಣೆ ಹಿಡಿದು ಓದಿಗೆ ಕೂರುತ್ತಾರೆ.

ನಾನೂ ಮೊದಲ ವರ್ಷ ಮಾತಿನ ಧಾಟಿಯನ್ನೇ ಬದಲಿಸಿಕೊಂಡಿದ್ದೆ. ಅರ್ಥವಾಗದ ಮಾತಿಗೂ ಎಲ್ಲರ ಜೊತೆ ನಗುತ್ತಿದ್ದೆ. ಮನೆಗೆ ಬಂದರೆ ದಿನವಿಡೀ ಬೇರೆ ಯಾರದೋ ಬದುಕು ಬದುಕಿದಷ್ಟು ಸುಸ್ತು. ಆ ಪುಟಗಳನ್ನು ಓದಿದ ರಾತ್ರಿ ಎದೆ ಹಗುರವಾಯಿತು. ಅಂಥವರಿಗೂ ಹೀಗೇ ಆಗಿತ್ತಾ ಎಂದು ತುಂಬಾ ಹೊತ್ತು ಸುಮ್ನೆ ಕೂತಿದ್ದೆ.

ವಿಯೆನ್ನಾದ ಮನೋವೈದ್ಯ ವಿಕ್ಟರ್ ಫ್ರಾಂಕ್ಲ್ ಹಿಟ್ಲರನ ನಾತ್ಸಿ ಸೆರೆಶಿಬಿರಗಳ ಅನುಭವ ಕುರಿತು 1946ರಲ್ಲಿ ತಂದ ಪುಸ್ತಕವನ್ನೂ ಓದಿ, ಆದರೆ ಈಗಲೇ ಬೇಡ. ಸ್ವಲ್ಪ ನೆಲೆ ನಿಂತ ಮೇಲೆ ಓದಿ. ಕುಗ್ಗಿದ ದಿನ ಓದಿದರೆ, ಅವರ ನೋವಿನ ಮುಂದೆ ನನ್ನದೇನು ಎಂದು ನಿಮ್ಮ ದುಃಖಕ್ಕೇ ನಾಚಿಕೊಳ್ಳುತ್ತೀರಿ. ನನಗೆ ಹಾಗಾಗಿತ್ತು. ಎರಡನೇ ಸಲ ಓದಿದಾಗ ಬೇರೆಯದು ಕಂಡಿತು. ಅವರು ಬರೆದಿಟ್ಟಿದ್ದ ಹಸ್ತಪ್ರತಿ ಆಷ್ವಿಟ್ಸ್ ಶಿಬಿರದಲ್ಲಿ ಕೈತಪ್ಪಿ ಹೋಯಿತು. ಮುಂದೆ ಇನ್ನೊಂದು ಶಿಬಿರದಲ್ಲಿ ಜ್ವರದಲ್ಲಿ ಮಲಗಿದಾಗ, ಅದನ್ನು ಮತ್ತೆ ಬರೆಯಲೆಂದು ಚೂರು ಕಾಗದಗಳ ಮೇಲೆ ಟಿಪ್ಪಣಿ ಮಾಡಿಕೊಂಡರು. ಅದನ್ನೋದಿದ ಮೇಲೆ ನಾನೂ ನಾಳೆಗೆಂದು ಒಂದು ಕೆಲಸ ಉಳಿಸಿಕೊಂಡೇ ಮಲಗುವುದನ್ನು ಕಲಿತೆ.

ದಿನವೂ ಹತ್ತಿರ ಇರಲೆಂದು ಡಿವಿಜಿಯವರ ಕಗ್ಗ ಇಟ್ಟುಕೊಳ್ಳಿ. 945 ಪದ್ಯಗಳಿವೆ, ಒಂದೊಂದೂ ನಾಲ್ಕೇ ಸಾಲು. ದಿನಕ್ಕೊಂದು ಸಾಕು. ಆದರೆ ಬಾಯಿಬಿಟ್ಟು ಓದಿ. ಎಷ್ಟೋ ದಿನ ನನ್ನ ಬಾಯಿಂದ ಬಂದ ಕನ್ನಡ ಆ ನಾಲ್ಕು ಸಾಲು ಮಾತ್ರ. ಅರ್ಥಕ್ಕಿಂತ ಜಾಸ್ತಿ ಆ ಸದ್ದೇ ಬೇಕಿತ್ತು.

ಇನ್ನೊಂದು. ಇಷ್ಟವಾದ ಪುಸ್ತಕವನ್ನು ಒಬ್ಬರೇ ಇಟ್ಟುಕೊಳ್ಳಬೇಡಿ. ನಾನೊಮ್ಮೆ ಜೊತೆಗೆ ಕೆಲಸ ಮಾಡುವವರೊಬ್ಬರಿಗೆ ಗಾಂಧೀಜಿಯ ಆತ್ಮಕಥೆಯ ಇಂಗ್ಲಿಷ್ ಪ್ರತಿ ಕೊಟ್ಟಿದ್ದೆ. ವಾಪಸ್ ಬಂದಾಗ ಅಲ್ಲಲ್ಲಿ ಪೆನ್ಸಿಲ್ ಗೆರೆಗಳಿದ್ದವು. ನಾನು ಎಳೆದ ಗೆರೆಗಳೇ ಬೇರೆ, ಅವರ ಗೆರೆಗಳೇ ಬೇರೆ. ಆ ಗೆರೆಗಳ ಬಗ್ಗೆ ಮಾತಾಡುತ್ತಾ ಎರಡು ಗಂಟೆ ಹೋಯಿತು. ಇಲ್ಲಿ ನನಗೆ ಸಿಕ್ಕ ಮೊದಲ ಸ್ನೇಹ ಅದು. ನೀವು ಒಂದು ಕೊಟ್ಟು ಅವರಿಗೆ ಪ್ರಿಯವಾದ ಇನ್ನೊಂದನ್ನು ಕೇಳಿ ಪಡೆಯಿರಿ.

ವಾರಗಟ್ಟಲೆ ನಿದ್ದೆ ಬರದಿದ್ದರೆ ಮಾತ್ರ ಪುಸ್ತಕ ನಂಬಿ ಕೂರಬೇಡಿ, ವೈದ್ಯರನ್ನು ಕಾಣಿ.

ಸದ್ಯಕ್ಕೆ ಆ ಲಂಡನ್ ಪುಟಗಳಿಂದ ಶುರು ಮಾಡಿ. ಪೆನ್ಸಿಲ್ ಕೈಯಲ್ಲಿರಲಿ. ಎಲ್ಲಿ ಗೆರೆ ಎಳೆದಿರಿ ಎಂದು ನನಗೆ ಬರೆಯಿರಿ, ನನ್ನವು ಎಲ್ಲಿವೆ ಎಂದು ನಾನೂ ಹೇಳುತ್ತೇನೆ.