ಕುಸ್ತಿ, ಬಾಕ್ಸಿಂಗ್ ಹುಡುಗರ ಮೆದುಳಿಗೆ ಒಮೆಗಾ-3 ಮಾತ್ರೆ ಕೆಲಸ ಮಾಡುತ್ತದಾ ಅಂತ ಹೇಗೆ ಪರೀಕ್ಷಿಸುತ್ತಾರೆ?

ರಕ್ತ ನೋಡಿ. ಆಟಗಾರರನ್ನು ಚೀಟಿ ಎತ್ತಿದ ಹಾಗೆ ಗುಂಪು ಮಾಡಿ, ಕೆಲವರಿಗೆ ನಿಜವಾದ ಮಾತ್ರೆ, ಉಳಿದವರಿಗೆ ನೋಡಲು ಹಾಗೇ ಇರುವ ಖಾಲಿ ಮಾತ್ರೆ ಕೊಡುತ್ತಾರೆ. ಯಾರಿಗೆ ಯಾವುದು ಅಂತ ಹೇಳುವುದಿಲ್ಲ. ಆಮೇಲೆ ಸೀಸನ್ ಪೂರ್ತಿ ಆಗಾಗ ರಕ್ತ ತೆಗೆದು ನ್ಯೂರೋಫಿಲಮೆಂಟ್ ಲೈಟ್ ಅನ್ನುವ ಪ್ರೋಟೀನ್ ಅಳೆಯುತ್ತಾರೆ. ಇದು ನರದ ಎಳೆಯೊಳಗೆ ಇರಬೇಕಾದದ್ದು, ತಲೆಗೆ ಪೆಟ್ಟು ಬಿದ್ದು ಎಳೆ ಹಾಳಾದರೆ ಬಿರುಕು ಬಿಟ್ಟ ಕೊಡದ ನೀರಿನಂತೆ ಜಿನುಗಿ ರಕ್ತಕ್ಕೆ ಬರುತ್ತದೆ.

2016ರಲ್ಲಿ ಅಮೆರಿಕನ್ ಫುಟ್‌ಬಾಲ್ (ನಮ್ಮ ಕಾಲ್ಚೆಂಡಲ್ಲ, ಮೈಗೆ ಮೈ ಡಿಕ್ಕಿ ಹೊಡೆಯುವ ಆಟ) ಆಡುವ ಕಾಲೇಜು ಆಟಗಾರರ ಮೇಲಿನ ಒಂದು ಅಧ್ಯಯನ ಬಂತು. ಮೀನೆಣ್ಣೆಯಲ್ಲಿರುವ ಡಿಎಚ್‌ಎ ಅನ್ನುವ ಒಮೆಗಾ-3 ಕೊಬ್ಬು ತೆಗೆದುಕೊಂಡವರಲ್ಲಿ ಈ ಪ್ರೋಟೀನ್ ಅಷ್ಟು ಏರಲಿಲ್ಲ. ಒಳ್ಳೆಯ ಸುದ್ದಿಯೇ, ಆದರೆ ರಕ್ತದ ಅಂಕಿ ಹೆಚ್ಚು ಏರದ ಮಾತ್ರಕ್ಕೆ ಮೆದುಳು ಉಳಿಯಿತು ಅಂತಲ್ಲ, ಅದಕ್ಕೆ ವರ್ಷಗಟ್ಟಲೆ ನೆನಪು, ನಡವಳಿಕೆ ಎಲ್ಲ ನೋಡಬೇಕಾಗುತ್ತದೆ.

ನಮ್ಮ ರಾಯಚೂರು, ಕೊಪ್ಪಳದ ಕಡೆ ಅಗಸಿ ಚಟ್ನಿ ತಿಂದರೆ ಸಾಕಲ್ವಾ ಅನ್ನುತ್ತಾರೆ. ರುಚಿಗೆ ಸರಿ. ಅಗಸೆಯಲ್ಲೂ ಒಮೆಗಾ-3 ಇದೆ, ಆದರೆ ನಮ್ಮ ದೇಹ ಅದರಲ್ಲಿ ತುಂಬಾ ಕಡಿಮೆ ಭಾಗವನ್ನು ಮಾತ್ರ ಡಿಎಚ್‌ಎ ಮಾಡಿಕೊಳ್ಳುತ್ತದೆ. ತಲೆಗೆ ಪೆಟ್ಟು ಬಿದ್ದ ದಿನವಂತೂ ಮಾತ್ರೆ ಗೀತ್ರೆ ಬಿಟ್ಟು ಆಟ ನಿಲ್ಲಿಸಿ ಡಾಕ್ಟರ್ ಹತ್ತಿರ ಹೋಗಿ.